ಹೊರನಾಡಿಗೆ ಹೊರಟವರು ಶೃಂಗೇರಿಯಲ್ಲಿ ಇಳಿದ ಹಾಗೆ

ನನ್ನ ಹತ್ತಿರ ಇದ್ದ ಮೈಲುಗಳಿಗೆ ಮೂರು ವರ್ಷ ತುಂಬುತ್ತಾ ಬಂದಿತ್ತು. ಮೈಲು ಅಂದರೆ ದುಡ್ಡಿನ ಬದಲು ಕೊಟ್ಟು ವಿಮಾನದ ಟಿಕೆಟ್ ತೆಗೆಯಬಹುದಾದ ಪಾಯಿಂಟು. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಅನ್ನುವ ಯೋಜನೆಯ ಮೈಲುಗಳ ಆಯಸ್ಸು ಅಷ್ಟೇ, ಮೂರು ವರ್ಷ. ಮಗಳ ಕಾಲೇಜು ಫೀಸು, ಇನ್ಶೂರೆನ್ಸ್, ಫ್ರಿಜ್ಜು, ದಿನಸಿ, ಎಲ್ಲವನ್ನೂ ಒಂದೇ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟು, ಬಿಲ್ಲನ್ನು ತಿಂಗಳು ತಿಂಗಳೂ ಪೂರ್ತಿ ತೀರಿಸಿ, ಬಂದ ಪಾಯಿಂಟುಗಳನ್ನು ಮೈಲುಗಳಾಗಿ ಮಾಡಿಕೊಂಡಿದ್ದೆ. ಇದನ್ನೆಲ್ಲ ವಿವರಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು.

"ಚೀಟಿ ಕಟ್ಟಿದ ಹಾಗಾ?"

ಹೌದು, ಹಾಗೇ. ಚೀಟಿ ದುಡ್ಡು ಎತ್ತಿ ಇಟ್ಟರೆ ಕೆಡುವುದಿಲ್ಲ, ಮೈಲು ಕೆಡುತ್ತದೆ. ಅದೊಂದೇ ವ್ಯತ್ಯಾಸ.

ಅಮ್ಮನಿಗೆ ಎಪ್ಪತ್ತು. ಅಪ್ಪ ಹೋದ ಮೇಲೆ ಬಸವನಗುಡಿಯ ಮನೆ ಬಿಟ್ಟು ಎಲ್ಲಿಗೂ ಹೊರಟಿರಲಿಲ್ಲ. ಜಪಾನಿನ ಜಿಂಕೆಗಳು ತಲೆ ಬಾಗಿಸಿ ನಮಸ್ಕಾರ ಮಾಡುವ ವಿಡಿಯೋ ಒಂದನ್ನು ಮಾತ್ರ ಮತ್ತೆ ಮತ್ತೆ ನೋಡುತ್ತಿದ್ದಳು. ಹಾಗಾಗಿ ಹತ್ತು ತಿಂಗಳು ಮುಂಚೆಯೇ ಒಂದು ಭಾನುವಾರ ಕೂತು ಬೆಂಗಳೂರಿನಿಂದ ಒಸಾಕಾಕ್ಕೆ ಹುಡುಕಿದೆ. ಸಿಂಗಪುರದಲ್ಲಿ ವಿಮಾನ ಬದಲಾಯಿಸಬೇಕು. "ಅಲ್ಲೇ ಎರಡು ದಿನ ಇಳ್ಕೊಂಡ್ರೂ ಜಾಸ್ತಿ ಮೈಲು ಕೇಳಲ್ಲ ಅಮ್ಮಾ" ಅಂದೆ.

"ಮತ್ತೆ? ಹೊರನಾಡಿಗೆ ಹೋಗೋರು ಶೃಂಗೇರೀಲಿ ಇಳೀದೆ ಹೋಗ್ತಾರೇನೇ?"

ನಾನು ನಾಲ್ಕು ದಿನ ಓದಿ ಅರ್ಥ ಮಾಡಿಕೊಂಡ ನಿಯಮ ಅಮ್ಮನಿಗೆ ಒಂದೇ ಗಳಿಗೆಯಲ್ಲಿ ಅರ್ಥವಾಗಿತ್ತು. ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ, ಒಂದೇ ಬಸ್ಸು, ನಾಲ್ಕು ಕ್ಷೇತ್ರ. ಮೈಲುಗಳ ನಿಜವಾದ ಬೆಲೆ ಇರುವುದೂ ಇಲ್ಲೇ ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತದೆ. ಪುಕ್ಕಟೆ ಸೀಟು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಸೀಟು ಪೂರ್ತಿ ಪುಕ್ಕಟೆ ಅಲ್ಲ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಕೈಯಿಂದ ಕಟ್ಟಲೇಬೇಕು. ಪುಕ್ಕಟೆ ಸಿಗುವುದು ಆ ನಿಲುಗಡೆ. ನಾನು ಬುಕ್ ಮಾಡಿದಾಗಿನ ನಿಯಮದಂತೆ ಹೋಗಿಬರುವ ಸೇವರ್ ಅನ್ನುವ, ಕಡಿಮೆ ಮೈಲಿನ ಟಿಕೆಟ್ಟಿಗೆ ಒಂದು ನಿಲುಗಡೆ ಸೇರಿಯೇ ಬರುತ್ತದೆ. ಇನ್ನೊಂದು ಬೇಕಾದರೆ 100 ಅಮೆರಿಕನ್ ಡಾಲರ್. 24 ಗಂಟೆಯೊಳಗೆ ಮುಂದಿನ ವಿಮಾನ ಹತ್ತಿದರೆ ಅದು ನಿಲುಗಡೆಯ ಲೆಕ್ಕಕ್ಕೇ ಬರುವುದಿಲ್ಲ.

ಸೀಟು ಹುಡುಕುವಾಗ ಬೆಂಗಳೂರಿನಿಂದ ಒಸಾಕಾಕ್ಕೆ ಅಂತ ಒಟ್ಟಿಗೆ ಹುಡುಕಿದರೆ ಏನೂ ತೋರಿಸಲಿಲ್ಲ. ಬೆಂಗಳೂರು–ಸಿಂಗಪುರ ಬೇರೆ, ಸಿಂಗಪುರ–ಒಸಾಕಾ ಬೇರೆ ನೋಡಿ, ಎರಡು ಸೀಟು ಇರುವ ದಿನಗಳನ್ನು ಹಾಳೆಯಲ್ಲಿ ಬರೆದುಕೊಂಡೆ. ಆಮೇಲೆ ಹಲವು ಊರುಗಳ ಟಿಕೆಟ್ ಅಂತ ಅದೇ ದಿನಗಳನ್ನು ಹಾಕಿದೆ. ಚೆರ್ರಿ ಹೂವಿನ ಏಪ್ರಿಲ್‌ನಲ್ಲಿ ಒಂದು ಸೀಟೂ ಇಲ್ಲ. ಫೆಬ್ರವರಿ ಕೊನೆಯಲ್ಲಿ, ಚಳಿ ಅಂತ ಜನ ಹೋಗದ ದಿನಗಳಲ್ಲಿ, ಒಂದು ದಿನ ಹಿಂದೆ ಜರುಗಿಸಿದರೆ ಎರಡೂ ಸಿಕ್ಕವು. ಕಾರ್ಡಿನಲ್ಲಿ ಉಳಿದಿದ್ದ ಪಾಯಿಂಟುಗಳನ್ನು ಮೈಲು ಮಾಡಿದ್ದು ಅದಾದ ಮೇಲೇ. ಒಮ್ಮೆ ಅತ್ತ ಕಳಿಸಿದ ಪಾಯಿಂಟು ಇತ್ತ ವಾಪಸ್ ಬರುವುದಿಲ್ಲ, ಸೀಟು ಕಣ್ಣಿಗೆ ಕಾಣುವ ತನಕ ಕಳಿಸಲೇಬಾರದು.

ಒಂದು ತಪ್ಪು ಮಾಡಿದ್ದೆ. ನನ್ನ ಮೈಲುಗಳಲ್ಲಿ ಬೇರೆಯವರಿಗೆ ಟಿಕೆಟ್ ತೆಗೆಯಬೇಕಾದರೆ ಅವರ ಹೆಸರನ್ನು ಮೊದಲೇ ಸೇರಿಸಬೇಕು, ಒಟ್ಟು ಐದು ಜನರವರೆಗೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಇರುವುದು ರುಕ್ಮಿಣಿ ಅಂತ ಒಂದೇ ಹೆಸರು. ಮನೆತನದ ಹೆಸರಿನ ಜಾಗ ಖಾಲಿ. ನಮ್ಮ ಕಡೆ ಆ ಕಾಲದವರದ್ದು ಎಲ್ಲರದ್ದೂ ಹಾಗೇ ಅಲ್ವಾ? ನಾನು ಅಭ್ಯಾಸಬಲದಿಂದ ತಾತನ ಇನಿಷಿಯಲ್ ಸೇರಿಸಿಬಿಟ್ಟಿದ್ದೆ. ವೀಸಾ ಕಾಗದ ಕೈಗೆ ಬಂದಾಗಲೇ ಹೆಸರು ತಾಳೆಯಾಗದ್ದು ಕಂಡು ಎದೆ ಧಸಕ್ಕೆಂದಿತು. ಫೋನಿನಲ್ಲಿ ಮುಕ್ಕಾಲು ಗಂಟೆ ಕಾದು, ಪಾಸ್‌ಪೋರ್ಟಿನ ಫೋಟೋ ಕಳಿಸಿ ಸರಿಮಾಡಿಸಿಕೊಂಡೆ. ಒಂಟಿ ಹೆಸರಿನ ಹಿರಿಯರಿಗೆ ಟಿಕೆಟ್ ತೆಗೆಯುವವರು ಬುಕ್ ಮಾಡುವ ಮುಂಚೆಯೇ ಒಂದು ಫೋನ್ ಮಾಡಿ, ಯಾವ ಜಾಗದಲ್ಲಿ ಏನು ತುಂಬಬೇಕು ಅಂತ ಕೇಳಿಬಿಡಿ.

ಮೊದಲ ದಿನ: ಬಸವನಗುಡಿಯಿಂದ ಹೊರಟಿದ್ದು

ರಾತ್ರಿ ವಿಮಾನಕ್ಕೆ ಮಧ್ಯಾಹ್ನ ನಾಲ್ಕಕ್ಕೇ ಮನೆ ಬಿಟ್ಟೆವು. ಅಮ್ಮ ದೊಡ್ಡ ಗಣಪತಿಗೆ ಕೈಮುಗಿದೇ ಕಾರು ಹತ್ತಿದ್ದು. ಹೆಬ್ಬಾಳದ ಮೇಲ್ಸೇತುವೆ ಹತ್ತುವ ಮೊದಲು ಅರ್ಧ ಗಂಟೆ ನಿಂತಲ್ಲೇ ನಿಂತಿದ್ದೆವು. ಅಷ್ಟರಲ್ಲಿ ದಾರಿಗೆ ಅಂತ ಕಟ್ಟಿದ್ದ ಕೋಡುಬಳೆಯ ಪೊಟ್ಟಣ ಅರ್ಧ ಖಾಲಿ.

ವಿಮಾನ ನಿಲ್ದಾಣದ ಹತ್ತಿರ 108 ಅಡಿಯ ಕೆಂಪೇಗೌಡರ ಪ್ರತಿಮೆ ಕಂಡಾಗ ಅಮ್ಮ ಕಿಟಕಿಗೆ ಮುಖ ಒತ್ತಿ ನೋಡಿದಳು. ಎರಡನೇ ಟರ್ಮಿನಲ್ ಒಳಗೆ ಹೋದ ಮೇಲಂತೂ ಸೂಟ್‌ಕೇಸಿನ ಗಾಡಿ ನನಗೆ ಬಿಟ್ಟು ಮೇಲೆ ನೋಡುತ್ತಾ ನಿಂತುಬಿಟ್ಟಳು. ಚಾವಣಿಯ ತುಂಬಾ ಬಿದಿರು, ಅದರಿಂದ ಇಳಿಬಿಟ್ಟ ಹಸಿರು ಬಳ್ಳಿಗಳು. "ನಮ್ಮೂರಲ್ಲಿ ಇಷ್ಟು ಚೆನ್ನಾಗಿರೋದು ಕಟ್ಟಿದ್ದಾರೆ, ಇಲ್ಲಿಗೂ ನೀನು ಕರ್ಕೊಂಡು ಬಂದಿರಲಿಲ್ಲ" ಅಂದಳು. ನಿಜ, ಬಂದಿರಲಿಲ್ಲ.

ಬ್ಯಾಗು ಕೊಡುವಾಗ ಒಂದು ವಿಷಯ ಗಮನಿಸಬೇಕು. ಸಿಂಗಪುರದಲ್ಲಿ ಎರಡು ದಿನ ಇಳಿಯುವುದರಿಂದ ಬ್ಯಾಗು ಅಲ್ಲಿಯವರೆಗೆ ಮಾತ್ರ. ಚೀಟಿಯಲ್ಲಿ ಊರಿನ ಹೆಸರು ನೋಡಿಯೇ ಕೌಂಟರಿನಿಂದ ಸರಿದೆವು. ವಿಮಾನದಲ್ಲಿ ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದ ಭಾರತೀಯ ಸಸ್ಯಾಹಾರದ ಊಟ ಎಲ್ಲರಿಗಿಂತ ಮುಂಚೆ ಬಂತು. ಪಕ್ಕದವರಿಗೆ ಇನ್ನೂ ಬಂದಿಲ್ಲ ಅಂತ ಅವಳು ತಿನ್ನದೆ ಕಾದಳು.

ಎರಡನೇ ದಿನ: ಸೆರಂಗೂನ್ ರಸ್ತೆಯ ಹೂವಿನ ಅಂಗಡಿ

ಬೆಳಗ್ಗೆ ಚಾಂಗಿ ವಿಮಾನ ನಿಲ್ದಾಣದಿಂದ ಆಚೆ ಬಂದರೆ ಮಂಗಳೂರಿನ ಮೇ ತಿಂಗಳ ಸೆಕೆ. ನಮಗಿಂತ ಎರಡೂವರೆ ಗಂಟೆ ಮುಂದಿರುವ ಊರು, ಕಣ್ಣಲ್ಲಿ ನಿದ್ದೆ ಹಾಗೇ ಇತ್ತು. ಬರುವ ಮುಂಚೆ ಮೂರು ದಿನದೊಳಗೆ ತುಂಬಬೇಕಾದ ಆಗಮನ ಪತ್ರವನ್ನು ಸರ್ಕಾರದ ಜಾಲತಾಣದಲ್ಲೇ ತುಂಬಿದ್ದೆ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಜಾಲತಾಣ ಎದುರಾದರೆ ಅದು ಬೇರೆ ಯಾರದ್ದೋ ಅಂತ ತಿಳಿಯಿರಿ.

ಲಿಟಲ್ ಇಂಡಿಯಾದಲ್ಲಿ ಕೋಣೆ ಹಿಡಿದಿದ್ದೆ. ಅಮ್ಮನ ಜೊತೆ ಹೋಗುವವರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಂಗಪುರದಲ್ಲಿ ಇಲ್ಲ ಅಂತ ನನ್ನ ಅನಿಸಿಕೆ. ಬಾಗಿಲಾಚೆ ಕಾಲಿಟ್ಟರೆ ಕಾಫಿ ಸಿಗುತ್ತದೆ, ಅದಕ್ಕೇ. 1947ರಿಂದ ಇರುವ ಕೋಮಲ ವಿಲಾಸದಲ್ಲಿ ದೋಸೆ ತಿಂದು ಎದ್ದಾಗ ಅಮ್ಮನ ಮುಖದಲ್ಲಿ ಪರವೂರಿನ ಗಾಬರಿ ಪೂರ್ತಿ ಇಳಿದಿತ್ತು. ಮೆಟ್ರೋಗೆ ಬೇರೆ ಕಾರ್ಡು ಕೊಳ್ಳುವುದೂ ಬೇಡ. ಬ್ಯಾಂಕಿನ ಕಾರ್ಡನ್ನೇ ಗೇಟಿಗೆ ತಾಗಿಸಿದರೆ ಸಾಕು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಇರಬೇಕು.

ವೀರಮಾಕಾಳಿಯಮ್ಮನ ಗುಡಿಗೆ ನಾವು ಹೋದಾಗ ಗಂಟೆ ಒಂದು, ಬಾಗಿಲು ಹಾಕಿತ್ತು. ದೇಶ ಯಾವುದಾದರೇನು, ಮಧ್ಯಾಹ್ನ ದೇವರಿಗೆ ವಿಶ್ರಾಂತಿ. ಇಷ್ಟು ಗೊತ್ತಿದ್ದೂ ಮರೆತಿದ್ದೆ. ಬಿಸಿಲಲ್ಲಿ ಎಲ್ಲಿಗೆ ಹೋಗುವುದು ಅಂತ ಹೂವಿನ ಅಂಗಡಿಯೊಂದರ ನೆರಳಲ್ಲಿ ನಿಂತೆವು. ನಾನು ಅಮ್ಮನಿಗೆ "ಐದು ಗಂಟೆಗೆ ಬರೋಣ ಬಾ" ಅಂದಿದ್ದು ಕೇಳಿ ಅಂಗಡಿಯಾತ ಹಾರ ಕಟ್ಟುವುದನ್ನು ನಿಲ್ಲಿಸಿದ.

"ಬೆಂಗಳೂರಾ ಅಮ್ಮಾ?"

ಹೊಸೂರಿನವನಂತೆ. ಇಲ್ಲಿಗೆ ಬಂದು ಹದಿನೆಂಟು ವರ್ಷ. ಹುಡುಗನಾಗಿದ್ದಾಗ ಅವರಪ್ಪನ ಜೊತೆ ಬೆಳಗಿನ ಜಾವದ ಬಸ್ಸಿಗೆ ಹೂವಿನ ಮೂಟೆ ಹಾಕಿಕೊಂಡು ಕೆ.ಆರ್. ಮಾರ್ಕೆಟ್ಟಿಗೆ ಬರುತ್ತಿದ್ದನಂತೆ. ಕನ್ನಡದಲ್ಲಿ ತಮಿಳಿನ ಎಳೆ ಇತ್ತು, ಆದರೆ ತಡವರಿಕೆ ಇರಲಿಲ್ಲ. ಸ್ಟೂಲು ಎಳೆದು ಅಮ್ಮನನ್ನು ಕೂರಿಸಿದ. ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಎಡಗೈಯಲ್ಲಿ ನಾರು ಹಿಡಿದು, ನಾಲ್ಕು ಮೊಗ್ಗು ಅತ್ತ, ನಾಲ್ಕು ಮೊಗ್ಗು ಇತ್ತ ಇಟ್ಟು, ಹೆಬ್ಬೆರಳಿನಿಂದ ಒಂದು ಸುತ್ತು, ಒಂದು ಗಂಟು. ಮಾತಿನ ಮಧ್ಯೆ ಒಂದು ಸಲವೂ ಕೈ ಕಡೆ ನೋಡಲಿಲ್ಲ.

"ಈಗ ಮಾರ್ಕೆಟ್ಟಲ್ಲಿ ಮಲ್ಲಿಗೆ ಮೊಳ ಎಷ್ಟಮ್ಮಾ?" ಅಂತ ಕೇಳಿದ.

ಅಮ್ಮ ತಡವರಿಸಿದಳು. ಅಪ್ಪ ಹೋದ ಮೇಲೆ ಅವಳು ಮುಡಿಯಲು ಅಂತ ಹೂವು ಕೊಂಡಿರಲಿಲ್ಲ. ದೇವರಿಗೆ ಮನೆ ಗಿಡದ ದಾಸವಾಳ, ಕಣಗಿಲೆಯೇ ಸಾಕಾಗುತ್ತಿತ್ತು. "ವಿಚಾರಿಸಿಲ್ಲಪ್ಪ" ಅಂದಳು ಮೆತ್ತಗೆ. ಆತ ಇನ್ನೇನೂ ಕೇಳಲಿಲ್ಲ. ನಾವು ಹೊರಟಾಗ ಒಂದು ದಾರ ಮಲ್ಲಿಗೆ ಕತ್ತರಿಸಿ, ಅದಕ್ಕೆ ಇನ್ನೊಂದು ಗೇಣು ಸೇರಿಸಿ ಎಲೆಯಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟ. ನಾನು ದುಡ್ಡು ತೆಗೆದರೆ ತಲೆ ಅಲ್ಲಾಡಿಸಿದ. ಅಮ್ಮ ಎಲೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆಯ ತನಕ ನಡೆದಳು. ಸಂಜೆ ಗುಡಿಗೆ ಹೋಗುವಾಗ ಅರ್ಧ ದೇವಿಗೆ ಇಟ್ಟುಕೊಂಡು, ಉಳಿದರ್ಧ ತಾನೇ ಮುಡಿದಳು. ನಾನು ನೋಡಿಯೂ ಏನೂ ಅನ್ನಲಿಲ್ಲ.

ಮೂರನೇ ದಿನ: ಮಳೆ, ಮತ್ತೆ ನಡುರಾತ್ರಿಯ ತಾರೀಖು

ಬೊಟಾನಿಕ್ ಗಾರ್ಡನ್‌ಗೆ ಹೋಗುವಷ್ಟರಲ್ಲಿ ಮಳೆ ಸುರಿಯಿತು. ಲಾಲ್‌ಬಾಗ್ ಇಷ್ಟಪಡುವವರು ಈ ತೋಟ ತಪ್ಪಿಸಬಾರದು. ಒಳಗೆ ಹೋಗಲು ಟಿಕೆಟ್ ಇಲ್ಲ, ಆರ್ಕಿಡ್ ತೋಟಕ್ಕೆ ಮಾತ್ರ ಇದೆ. 2015ರಲ್ಲಿ ಇದು ಯುನೆಸ್ಕೋ ಪಟ್ಟಿಗೆ ಸೇರಿದೆ. ಮಳೆ ನಿಲ್ಲುವವರೆಗೆ ಮಂಟಪದಲ್ಲಿ ಕೂತು ಚಟ್ನಿಪುಡಿ ಹಚ್ಚಿದ ಬ್ರೆಡ್ ತಿಂದೆವು.

ಒಸಾಕಾದ ವಿಮಾನ ನಡುರಾತ್ರಿ ದಾಟಿದ ಮೇಲೆ. ಇಲ್ಲಿ ಬಹಳ ಜನ ಎಡವುತ್ತಾರೆ. ಟಿಕೆಟ್ಟಿನಲ್ಲಿ 24ನೇ ತಾರೀಖು ಅಂತ ಇದ್ದರೆ 23ರ ರಾತ್ರಿಯೇ ವಿಮಾನ ನಿಲ್ದಾಣದಲ್ಲಿರಬೇಕು. ಆ ರಾತ್ರಿಗೆ ಹೋಟೆಲ್ ಬೇಡ, ಆದರೆ ಎಪ್ಪತ್ತರ ಅಮ್ಮನನ್ನು ಮಧ್ಯಾಹ್ನದಿಂದ ರಾತ್ರಿಯ ತನಕ ಬೀದಿಯಲ್ಲಿ ಸುತ್ತಿಸುವ ಹಾಗೂ ಇಲ್ಲ. ಕೋಣೆಯವರನ್ನು ಕೇಳಿ, ಸ್ವಲ್ಪ ದುಡ್ಡು ಕೊಟ್ಟು ಸಂಜೆ ಏಳರವರೆಗೆ ಉಳಿದೆವು.

ಚಾಂಗಿಯಲ್ಲಿ ನನಗೆ ಥಟ್ಟನೆ ನೆನಪಾಯಿತು, ಅಮ್ಮನ ಮುಡಿಯಲ್ಲಿ ಹೂವಿತ್ತು. ಹಿಂದಿನ ದಿನದ್ದು, ಬಾಡಿತ್ತು. ಜಪಾನಿಗೆ ಹೂವು, ಹಣ್ಣು, ಗಿಡಗಳನ್ನು ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಒಯ್ಯುವಂತಿಲ್ಲ. ಹೇಳಿದಾಗ ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಹೇರ್‌ಪಿನ್ ತೆಗೆದು, ಮಾಲೆ ಬಿಡಿಸಿ, ಅಲ್ಲಿದ್ದ ದೊಡ್ಡ ಗಿಡದ ಬುಡದ ಮಣ್ಣಿನ ಮೇಲೆ ಸುತ್ತಿ ಇಟ್ಟಳು.

ನಾಲ್ಕನೇ ದಿನ: ಕ್ಯೋಟೋದ ಚಳಿ

ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣ ಸಮುದ್ರದ ಮಧ್ಯೆ ಮಣ್ಣು ತುಂಬಿಸಿ ಕಟ್ಟಿದ ದ್ವೀಪ. ಕಿಟಕಿಯಿಂದ ನೋಡುತ್ತಿದ್ದರೆ ನೀರಿನ ಮೇಲೇ ಇಳಿಯುತ್ತಿದ್ದೇವೆ ಅನ್ನಿಸಿ ಅಮ್ಮ ನನ್ನ ಕೈ ಹಿಡಿದಳು. ಹಾರುಕಾ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಕ್ಯೋಟೋ.

ಆಚೆ ಬಂದ ಕೂಡಲೇ ಚಳಿ ಕಿವಿ ಕಚ್ಚಿತು. ಸಿಂಗಪುರದ ಸೆಕೆಗೂ ಇದಕ್ಕೂ ಒಂದೇ ಸೂಟ್‌ಕೇಸಿನಲ್ಲಿ ಬಟ್ಟೆ ತುಂಬಿಸಿಕೊಂಡು ಹೋಗಬೇಕಲ್ಲ, ನಿಲುಗಡೆಯ ಪ್ರವಾಸದಲ್ಲಿ ನಿಜವಾದ ಕಷ್ಟ ಇದೇ. ಸ್ವೆಟರ್, ಶಾಲು, ಕಾಲುಚೀಲವನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದಕ್ಕೆ ಬಚಾವಾದೆವು. ಅಮ್ಮ ಸೀರೆಯ ಒಳಗೆ ಉಣ್ಣೆಯ ಪ್ಯಾಂಟು ಹಾಕಿ, ಮೇಲೆ ಅಪ್ಪನ ಹಳೆಯ ಸ್ವೆಟರ್ ತೊಟ್ಟಳು.

ಊಟದ ಪಾಡು ಮೊದಲ ದಿನವೇ ಗೊತ್ತಾಯಿತು. ತರಕಾರಿ ಅಂತ ಬರೆದಿದ್ದ ನೂಡಲ್ಸ್ ತರಿಸಿದೆ. ಅಮ್ಮ ಬಟ್ಟಲನ್ನು ಮುಖದ ಹತ್ತಿರ ತಂದು, ಮೂಸಿ, ಹಾಗೇ ಕೆಳಗಿಟ್ಟಳು. ಸಾರು ಮೀನಿನದ್ದು. ಅಲ್ಲಿನ ಬಹುಪಾಲು ಸಾರಿಗೆ ಒಣ ಮೀನಿನ ಎಸಳು ಬೀಳುತ್ತದೆ, ಅವರ ಲೆಕ್ಕದಲ್ಲಿ ಅದು ಮೀನು ತಿಂದ ಹಾಗಲ್ಲ. ಆಮೇಲೆ "ಮಾಂಸ, ಮೀನು ಬೇಡ, ಮೀನಿನ ಸಾರೂ ಬೇಡ" ಅಂತ ಜಪಾನಿಯಲ್ಲಿ ಬರೆದಿಟ್ಟುಕೊಂಡು ಎಲ್ಲ ಕಡೆ ತೋರಿಸಿದೆ. ಕೊನೆಯ ಮಾತೇ ಮುಖ್ಯ. ರಾತ್ರಿ ಅಂಗಡಿಯಿಂದ ಬಿಸಿ ಅನ್ನದ ಪೊಟ್ಟಣ ತಂದು, ಪುಳಿಯೋಗರೆ ಗೊಜ್ಜು ಕಲಸಿ ತಿಂದೆವು. ಅಲ್ಲಿನ ಅಂಟು ಅನ್ನಕ್ಕೂ ಗೊಜ್ಜು ಚೆನ್ನಾಗಿ ಹಿಡಿಯುತ್ತದೆ.

ಐದನೇ ದಿನ: ಎದ್ದು ಹೋಗದ ಎತ್ತು, ಕೊಳಲೂದುವ ಗರುಡ

ನಾವು ದಿನ ನೋಡಿ ಹೋಗಿದ್ದಲ್ಲ. ಎರಡು ಸೀಟು ಎಂದು ಸಿಕ್ಕಿತೋ ಅಂದು ಹೊರಟಿದ್ದು. ಆದರೆ ಕಿತಾನೋ ತೆನ್‌ಮಾಂಗು ಗುಡಿಗೆ ಹೋದಾಗ ಅಂದು ಫೆಬ್ರವರಿ 25, ಅಲ್ಲಿ ಉಮೆ, ಅಂದರೆ ಜಪಾನಿ ಪ್ಲಮ್ ಹೂವಿನ ಹಬ್ಬ. ಪ್ರತಿ ತಿಂಗಳು 25ಕ್ಕೆ ಗುಡಿಯ ಸುತ್ತ ಸಂತೆಯೂ ಸೇರುತ್ತದೆ. ನಮ್ಮ ಕಡಲೆಕಾಯಿ ಪರಿಷೆಯ ಹಾಗೇ ರಸ್ತೆಯ ಎರಡೂ ಬದಿಗೆ ಅಂಗಡಿಗಳು. ಹಳೇ ಬಟ್ಟಲು, ಹಳೇ ಕಿಮೋನೊ, ಉಪ್ಪಿನಕಾಯಿ.

ಸುಗವಾರ ನೋ ಮಿಚಿಜಾನೆ ಅನ್ನುವ ವಿದ್ವಾಂಸ ಈ ಗುಡಿಯ ದೇವರು. 901ರಲ್ಲಿ ಅವನನ್ನು ರಾಜಧಾನಿಯಿಂದ ಗಡಿಪಾರು ಮಾಡಿದರು, 903ರಲ್ಲಿ ದೂರದ ದಜಾಯ್‌ಫುವಿನಲ್ಲಿ ತೀರಿಕೊಂಡ. ಈಗ ಅವನು ವಿದ್ಯೆಯ ದೇವರು. ಅಂಗಳದ ತುಂಬಾ ಮಲಗಿದ ಎತ್ತುಗಳ ಪ್ರತಿಮೆಗಳು. ಅವನ ದೇಹ ಎಳೆಯುತ್ತಿದ್ದ ಎತ್ತು ದಾರಿಯಲ್ಲಿ ಮಲಗಿ ಏಳಲೇ ಇಲ್ಲವಂತೆ, ಅಲ್ಲೇ ಮಣ್ಣು ಮಾಡಿದರಂತೆ. ಜನ ಬಂದು ಎತ್ತಿನ ತಲೆ ಸವರಿ, ಅದೇ ಕೈಯಿಂದ ತಮ್ಮ ತಲೆ ಸವರಿಕೊಳ್ಳುತ್ತಾರೆ. ಮುಟ್ಟಿ ಮುಟ್ಟಿ ಎತ್ತುಗಳ ಹಣೆ ಹೊಳೆಯುತ್ತಿತ್ತು.

ಕಡಲೆಕಾಯಿ ಹೊಲ ಮೇಯ್ದು ಕಲ್ಲಾಗಿ ಕೂತ ದೊಡ್ಡ ಬಸವಣ್ಣನ ಕಥೆ ಕೇಳಿ ಬೆಳೆದವಳು ಅಮ್ಮ. ಬಾಗಿ ಎತ್ತಿನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದಳು, ನಂದಿಯ ಕಿವಿಯಲ್ಲಿ ಹೇಳುವ ಹಾಗೆ. ಆಮೇಲೆ ಎತ್ತಿನ ಮಂಡಿ ಸವರಿ ತನ್ನ ಮಂಡಿ ಸವರಿಕೊಂಡಳು. ಪಕ್ಕದಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳು ಮರದ ಸಣ್ಣ ಹಲಗೆಗಳ ಮೇಲೆ ಹರಕೆ ಬರೆದು ನೇತುಹಾಕುತ್ತಿದ್ದರು. ಅಲ್ಲೂ ಇದು ಪರೀಕ್ಷೆಯ ಕಾಲ. ಅಮ್ಮ ಒಂದು ಹಲಗೆ ಕೊಂಡು, ಅಣ್ಣನ ಮಗಳಿಗೆ ಪಿಯುಸಿ ಗಣಿತದಲ್ಲಿ ಒಳ್ಳೆ ನಂಬರ್ ಬರಲಿ ಅಂತ ಕನ್ನಡದಲ್ಲೇ ಬರೆದಳು. ನೂರಾರು ಜಪಾನಿ ಹಲಗೆಗಳ ನಡುವೆ ಅವಳ ದುಂಡು ಅಕ್ಷರ ತೂಗಾಡುತ್ತಿತ್ತು. ಹಿಂದೆ ಸುಮಾರು 1,500 ಉಮೆ ಮರಗಳ ತೋಪು, ಅರ್ಧಕ್ಕರ್ಧ ಅರಳಿತ್ತು. ಎಲೆ ಇಲ್ಲದ ಕಪ್ಪು ಕೊಂಬೆಗೆ ಬಿಳಿ, ಗುಲಾಬಿ ಹೂವು. ಮಲ್ಲಿಗೆಯ ಘಮವಲ್ಲ ಅದು, ಸ್ವಲ್ಪ ಜೇನಿನ ಕಡೆಗೆ ವಾಲುವ ಪರಿಮಳ.

ಹಬ್ಬ ಅಂತ ಗೊತ್ತಾಗಿದ್ದು ಬೆಳಗ್ಗೆ ಹೋಟೆಲಿನಲ್ಲಿ, ಹಾಗಾಗಿ ಅಮ್ಮ ಮೈಸೂರು ಸಿಲ್ಕ್ ಉಟ್ಟಿದ್ದಳು. ಹಳೇ ಕಿಮೋನೊ ಮಾರುತ್ತಿದ್ದ ಅಜ್ಜಿ ಅದನ್ನು ನೋಡಿ ಎದ್ದು ಬಂದರು. ಕೈಮುಗಿದು, ಅನುಮತಿ ಕೇಳುವ ಹಾಗೆ ಅಮ್ಮನ ಮುಖ ನೋಡಿ, ಸೆರಗಿನ ತುದಿ ಹಿಡಿದರು. ಮೇಲಿನ ಜರಿ ನೋಡಲಿಲ್ಲ. ಸೆರಗು ಮಗುಚಿ ಹಿಂಬದಿಯ ನೇಯ್ಗೆ ನೋಡಿದರು, ಉಗುರಿನಿಂದ ಎಳೆ ಮುಟ್ಟಿದರು. ಫೋನಿನಲ್ಲಿ ಅನುವಾದ ಮಾಡಿ ಕೇಳಿದರೆ, ಹತ್ತಿರದ ನಿಶಿಜಿನ್ ನೇಕಾರರ ಬೀದಿಯವರಂತೆ, ಗಂಡನ ಮನೆಯಲ್ಲಿ ಮಗ್ಗ ಇತ್ತಂತೆ. 1912ರಿಂದ ಮೈಸೂರಿನಲ್ಲಿ ಇದರ ಕಾರ್ಖಾನೆ ಇದೆ ಅಂತ ನಾನು ಹೇಳಿಸಿದೆ. ಅಜ್ಜಿ ತಲೆದೂಗಿ, ಸೆರಗನ್ನು ಮತ್ತೆ ನೇರ ಮಾಡಿ, ಅಮ್ಮನ ಭುಜದ ಮೇಲೆ ಮಡಿಕೆ ಕೂರಿಸಿದರು.

ಮಧ್ಯಾಹ್ನ ಸಾಂಜೂಸಾಂಗೆನ್‌ದೋ. ಮರದ ಉದ್ದನೆ ಮಂದಿರ, ಸುಮಾರು 120 ಮೀಟರ್, ಈಗಿನದ್ದು 1266ರ ಕಟ್ಟಡ. ಒಳಗೆ ಕನ್ನೋನ್ ದೇವತೆಯ 1001 ಮೂರ್ತಿಗಳು. ಕಾಲುಚೀಲ ದಪ್ಪನೆಯದು ಹಾಕಿಕೊಂಡು ಹೋಗಿ, ಚಪ್ಪಲಿ ಬಿಟ್ಟ ಮೇಲೆ ಹಲಗೆಯ ನೆಲ ಮಂಜುಗಡ್ಡೆ. ಮೂರ್ತಿಗಳ ಜೊತೆ 28 ಪರಿವಾರ ದೇವತೆಗಳು ನಿಂತಿದ್ದಾರೆ. ಬಹುಪಾಲು ನಮ್ಮವರೇ. ಬ್ರಹ್ಮ ಅಲ್ಲಿ ಬೊನ್‌ತೆನ್, ಇಂದ್ರ ತೈಶಾಕುತೆನ್. ಅಮ್ಮ ನನಗಿಂತ ಮುಂದೆ ಹೋಗಿ ಒಂದು ಮೂರ್ತಿಯ ಎದುರು ನಿಂತುಬಿಟ್ಟಿದ್ದಳು. ಕೊಕ್ಕು, ರೆಕ್ಕೆ, ಕೈಯಲ್ಲಿ ಕೊಳಲು.

"ಗರುಡ ಕಣೇ ಇವನು! ಕೊಳಲು ಇವನ ಕೈಗೆ ಹೇಗೆ ಬಂತೇ?"

ಫೋಟೋ ತೆಗೆಯುವ ಹಾಗಿಲ್ಲ. ಅಮ್ಮ ಅಲ್ಲೇ ಹತ್ತು ನಿಮಿಷ ನಿಂತಳು.

ಆರನೇ ದಿನ: ಊಜಿಯಲ್ಲಿ ಇಳಿದಿದ್ದು, ನಾರಾದ ಕಣ್ಣು

ನಾರಾಕ್ಕೆ ಹೊರಟ ರೈಲು ನಿಧಾನದ್ದು ಅಂತ ಹತ್ತಿದ ಮೇಲೆ ಗೊತ್ತಾಯಿತು. ಊಜಿಯಲ್ಲಿ ವೇಗದ ಗಾಡಿ ಹಿಡಿಯೋಣ ಅಂತ ಇಳಿದೆ. ಅಮ್ಮನ ಮಂಡಿಗೆ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಅದು ಹೊರಟೇಹೋಯಿತು. ನನಗೆ ರೇಗಿತು.

"ಇಳಿದಿದ್ದೀವಲ್ಲ, ನೋಡ್ಕೊಂಡೇ ಹೋಗೋಣ" ಅಂದಳು ಅಮ್ಮ.

ನಿಲ್ದಾಣದ ಎದುರೇ ಚಹಾ ಡಬ್ಬಿಯ ಆಕಾರದ ಅಂಚೆ ಪೆಟ್ಟಿಗೆ. ಬೀದಿಯ ತುಂಬಾ ಚಹಾ ಹುರಿಯುವ ವಾಸನೆ. ಗಾಂಧಿ ಬಜಾರಿನಲ್ಲಿ ಕಾಫಿ ಬೀಜ ಹುರಿಯುವಾಗ ಕಾಲು ತಾನೇ ನಿಧಾನವಾಗುತ್ತದಲ್ಲ, ಹಾಗಾಯಿತು. ಒಂದು ಅಂಗಡಿಯಲ್ಲಿ ಮುದುಕರೊಬ್ಬರು ಹುರಿದ ಎಲೆಯನ್ನು ಅಂಗೈ ಮೇಲೆ ಹಾಕಿ ಅಮ್ಮನಿಗೆ ಮೂಸಲು ಕೊಟ್ಟರು. ಹಾಲಿಲ್ಲ, ಸಕ್ಕರೆ ಇಲ್ಲ, ಅಮ್ಮ ಮುಖ ಕಿವುಚುತ್ತಾಳೆ ಅಂದುಕೊಂಡಿದ್ದೆ. ಎರಡು ಬಟ್ಟಲು ಕುಡಿದಳು. ಚಿಲ್ಲರೆ ಕೊಡುವಾಗ ಆತ ಹತ್ತು ಯೆನ್ ನಾಣ್ಯ ತಿರುಗಿಸಿ, ಅದರ ಮೇಲಿನ ಕಟ್ಟಡ ತೋರಿಸಿ, ನದಿಯ ಕಡೆ ಕೈ ಮಾಡಿದರು. 1053ರಲ್ಲಿ ಕಟ್ಟಿದ ಬ್ಯೋದೋ-ಇನ್ ಬೌದ್ಧ ಮಂದಿರ. ನಾಣ್ಯವನ್ನು ಕೈಯಲ್ಲಿ ಎತ್ತಿ ಹಿಡಿದು, ಕೊಳದ ಆಚೆಯ ಕಟ್ಟಡಕ್ಕೂ ನಾಣ್ಯಕ್ಕೂ ಹೋಲಿಸಿ ನೋಡಿದೆವು. ಅಪ್ಪಟ ಅದೇ.

ನಾರಾ ಸೇರಿದಾಗ ಮಧ್ಯಾಹ್ನ. ಬಿಸ್ಕತ್ತು ಕೊಂಡ ಕೂಡಲೇ ಜಿಂಕೆಗಳು ಮುತ್ತಿಕೊಂಡವು. ಒಂದು ನಿಜಕ್ಕೂ ತಲೆ ಬಾಗಿಸಿತು, ಅಮ್ಮನೂ ಬಾಗಿದಳು. ಮೂರು ಸಲ. ಇನ್ನೊಂದು ಹಿಂದಿನಿಂದ ಅವಳ ಸೆರಗು ಎಳೆಯಿತು. ಬಿಸ್ಕತ್ತು ಮುಗಿದ ಮೇಲೆ ಖಾಲಿ ಕೈ ಬಿಚ್ಚಿ ತೋರಿಸಿದರೆ ಬಿಟ್ಟು ಹೋಗುತ್ತವೆ.

ಅಲ್ಲಿನ ತೋದಾಯ್‌ಜಿ ಮಂದಿರದ ಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದವರು ಭಾರತದಿಂದ ಬಂದ ಬೋಧಿಸೇನ ಅನ್ನುವ ಭಿಕ್ಷು. ಇಲ್ಲಿಂದ ಚೀನಾಕ್ಕೆ ಹೋಗಿ, ಅಲ್ಲಿದ್ದು, 736ರಲ್ಲಿ ಜಪಾನ್ ಸೇರಿದವರು. ಅವರು ಹಿಡಿದ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿದ್ದರು. ಕೆಳಗೆ ನಿಂತ ಜನ ದಾರ ಹಿಡಿದು, ಕಣ್ಣು ಬರೆಯುವುದರಲ್ಲಿ ತಾವೂ ಪಾಲುಗೊಂಡರು. ನಮ್ಮ ಗುಡಿಗಳಲ್ಲಿ ಮೂರ್ತಿಗೆ ನೇತ್ರೋನ್ಮೀಲನ ಮಾಡುತ್ತಾರಲ್ಲ, ಅದೇ. ಅಮ್ಮ ಬುದ್ಧನ ಕಣ್ಣನ್ನೇ ನೋಡುತ್ತಾ, "ವಾಪಸ್ ಊರಿಗೆ ಹೋದರಾ ಅವರು?" ಅಂತ ಕೇಳಿದಳು.

"ಇಲ್ಲ. 760ರಲ್ಲಿ ಇಲ್ಲೇ ತೀರಿಕೊಂಡರು."

ಅಮ್ಮ ಪರ್ಸಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಹುಂಡಿಗೆ ಹಾಕಿದಳು.

ಏಳನೇ ದಿನ, ಎಂಟನೇ ದಿನ

ಏಳನೇ ದಿನ ಎಲ್ಲಿಗೂ ಹೋಗಲಿಲ್ಲ. ಹಿರಿಯರ ಜೊತೆ ಹೋದಾಗ ಒಂದು ದಿನ ಖಾಲಿ ಬಿಡಲೇಬೇಕು. ಕಾಮೋ ನದಿಯ ದಂಡೆಯಲ್ಲಿ ಬಿಸಿಲು ಕಾಯಿಸುತ್ತಾ ಕೂತೆವು. ಸಂಜೆ ಹಿಮದ ಪುಡಿ ಐದು ನಿಮಿಷ ಬಿದ್ದು ನಿಂತಿತು. ಅಮ್ಮ ಅಂಗೈ ಚಾಚಿ ಹಿಡಿದಳು, ನೋಡುವಷ್ಟರಲ್ಲಿ ನೀರು.

ಎಂಟನೇ ದಿನ ವಾಪಸ್ ಬರುವಾಗ ಸಿಂಗಪುರದಲ್ಲಿ ಐದು ಗಂಟೆ ಬಿಡುವು. ಈ ಸಲ ಬ್ಯಾಗು ಸೀದಾ ಬೆಂಗಳೂರಿಗೆ. ಎಲ್ಲವೂ ಒಂದೇ ಟಿಕೆಟ್ಟಿನಲ್ಲಿದ್ದರೆ ಇದೇ ಅನುಕೂಲ, ಒಂದು ವಿಮಾನ ತಡವಾದರೂ ಮುಂದಿನದರ ಚಿಂತೆ ಅವರದ್ದು. ಅಮ್ಮನಿಗೆ ಸೆರಂಗೂನ್ ರಸ್ತೆಗೆ ಹೋಗಬೇಕಿತ್ತು. ಸಮಯ ಸಾಲದು ಅಂದೆ. ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಜ್ಯುವೆಲ್ ಅನ್ನುವ ಮಳಿಗೆಯ ಜಲಪಾತಕ್ಕೆ ಕರೆದುಕೊಂಡು ಹೋದೆ. ಅದು ವಲಸೆ ತಪಾಸಣೆಯ ಆಚೆ ಇದೆ, ಹಲವು ಸಲ ಪ್ರವೇಶ ಕೊಡುವ ವೀಸಾ ಇದ್ದರೆ ಮಾತ್ರ ಹೋಗಬಹುದು, ಆಗಮನ ಪತ್ರವನ್ನೂ ಮತ್ತೆ ತುಂಬಬೇಕು. ಗಾಜಿನ ಚಾವಣಿಯಿಂದ 40 ಮೀಟರ್ ಕೆಳಗೆ ನೀರು ಬೀಳುತ್ತದೆ. ಅಮ್ಮ ಚೆನ್ನಾಗಿದೆ ಅಂದಳು, ಆದರೆ ಅವಳ ಮನಸ್ಸು ಅಲ್ಲಿರಲಿಲ್ಲ. "ಆ ಹುಡುಗ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ನಾನು" ಅಂದಳು.

ಬೆಂಗಳೂರಿಗೆ ಇಳಿದಾಗ ರಾತ್ರಿ. ಮನೆ ಸೇರಿ ಮಲಗಿದವಳು ನಾನು ಎದ್ದಿದ್ದು ಒಂಬತ್ತಕ್ಕೆ. ಅಮ್ಮ ಆಗಲೇ ಗಾಂಧಿ ಬಜಾರಿಗೆ ಹೋಗಿ ಬಂದಿದ್ದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಪೆನ್ಸಿಲ್‌ನಲ್ಲಿ ಬರೆದಿತ್ತು: "ಮಲ್ಲಿಗೆ, ಮೊಳ 40." ಕಾಫಿ ಕೊಡುವಾಗ ಕೇಳಿದಳು, "ಇನ್ನೂ ಎಷ್ಟು ಮೈಲು ಉಳಿದಿದೆಯೇ?"